ಸಮುದ್ರ ಆಮ್ಲೀಯವಾಗುತ್ತಿರುವುದಕ್ಕೆ ಕಡಲತಳದ ಜ್ವಾಲಾಮುಖಿಗಳೇ ಕಾರಣವೆಂದು ಎಂ.ಎಸ್ಸಿ. ಪ್ರಬಂಧ ಬರೆಯಬಹುದೇ? ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಅಳೆಯಲೇ, ಕಬ್ಬಿಣ ಅಳೆಯಲೇ? ಇದು ನಿಮ್ಮ ಪ್ರಶ್ನೆ.

ಎರಡನೆಯ ವರ್ಷದಲ್ಲಿ ನಾನೂ ಇದೇ ಗೊಂದಲದಲ್ಲಿದ್ದೆ. ಪಿಎಚ್ ಹಿಡಿದೆ. ಆರು ತಿಂಗಳು ಕಳೆದುಕೊಂಡೆ.

ನನ್ನ ತಲೆಯಲ್ಲಿ ಕುಳಿತಿದ್ದು ಸ್ಪೇನಿನ ಕೆನರಿ ದ್ವೀಪಗಳಲ್ಲೊಂದಾದ ಎಲ್ ಹಿಯೆರೊ. 2011ರ ಅಕ್ಟೋಬರಿನಲ್ಲಿ ಲಾ ರೆಸ್ಟಿಂಗಾ ಎಂಬ ಮೀನುಗಾರರ ಊರಿನೆದುರು ಕಡಲತಳ ಬಿರಿದು ಜ್ವಾಲಾಮುಖಿ ಉಕ್ಕಿತು. ನೀರಿನ ಬಣ್ಣ ಕೆಟ್ಟಿತು, ಹೊರಗೆ ಕಪ್ಪು, ಒಳಗೆ ಬಿಳಿಯಾಗಿದ್ದ ಕಲ್ಲುಗಳು ಹೊಗೆಯಾಡುತ್ತ ತೇಲಿದವು, ಮೀನುಗಳು ಸತ್ತವು. ಉಕ್ಕಿ ಬಂದ ಇಂಗಾಲದ ಡೈಆಕ್ಸೈಡ್‌ನಿಂದಾಗಿ ಅಲ್ಲಿನ ಪಿಎಚ್ ಒಂದು ಹಂತದಲ್ಲಿ 2.9 ಅಂಕಗಳಷ್ಟು ಕುಸಿಯಿತು, ಎಂದರೆ ಆಮ್ಲೀಯತೆ ತರುವ ಹೈಡ್ರೋಜನ್ ಅಯಾನುಗಳು ಸುಮಾರು 800 ಪಟ್ಟಾದವು. ಜೊತೆಗೆ ಬಂದ ಗಂಧಕದ ಮತ್ತು ಕಬ್ಬಿಣದ ಸಂಯುಕ್ತಗಳು ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನು ಹೀರಿಕೊಂಡವು.

ನನಗೆ ಜ್ವಾಲಾಮುಖಿ ಎಲ್ಲಿ ಸಿಗಬೇಕು? ಪಣಂಬೂರಿನಿಂದ ಕ್ಯಾನಿನಲ್ಲಿ ಕಡಲನೀರು ತಂದು, ಪ್ರಯೋಗಾಲಯದ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಹಾಯಿಸಿ ಪಿಎಚ್ ಇಳಿಸಿದೆ. ಆ ನೀರನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಅರ್ಧಂಬರ್ಧ ತುಂಬಿಟ್ಟೆ. ಸಂಜೆ 6.1. ರಾತ್ರಿ ಮೂರು ಸಲ ಮುಚ್ಚಳ ತೆಗೆದು ಅಳೆದೆ. ಬೆಳಿಗ್ಗೆ 6.9! ಕುಣಿದಾಡಿದೆ. ಸಮುದ್ರ ತನ್ನ ಆಮ್ಲವನ್ನು ತಾನೇ ರಾತ್ರೋರಾತ್ರಿ ಸರಿಪಡಿಸಿಕೊಳ್ಳುತ್ತದೆ ಎಂದು ಒಂದು ಅಧ್ಯಾಯವನ್ನೇ ಬರೆದೆ.

ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಆ ಅಧ್ಯಾಯವನ್ನು ತೆರೆದು ಒಂದೇ ಮಾತು ಕೇಳಿದರು: "ಅರ್ಧ ಕುಡಿದಿಟ್ಟ ಸೋಡಾವನ್ನು ಮರುದಿನ ಕುಡಿದಿದ್ದೀರಾ?"

ಅಷ್ಟೇ. ಬಾಟಲಿಯ ಖಾಲಿ ಭಾಗಕ್ಕೆ ಅನಿಲ ಹಾರುತ್ತಿತ್ತು. ನಾನು ಮುಚ್ಚಳ ತೆಗೆದಾಗಲೆಲ್ಲ ಹೊರಗೆ ಹೋಗುತ್ತಿತ್ತು, ಮುಚ್ಚಿದರೆ ಮತ್ತೆ ಹಾರುತ್ತಿತ್ತು. ಪಿಎಚ್ ಏರಿದ್ದು ಅದರಿಂದ. ಕಡಲು ಏನನ್ನೂ ಸರಿಪಡಿಸಿರಲಿಲ್ಲ. ಕ್ಷಾರತೆಯನ್ನೂ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯ) ಅಳೆದಿದ್ದರೆ ಆವತ್ತೇ ಸಿಕ್ಕಿಬೀಳುತ್ತಿದ್ದೆ: ಅನಿಲ ಹೋದರೂ ಬಂದರೂ ಕ್ಷಾರತೆ ಬದಲಾಗುವುದಿಲ್ಲ, ನನ್ನ ನೀರಿನಲ್ಲೂ ಬದಲಾಗಿರುತ್ತಿರಲಿಲ್ಲ. ನೀರು ತುಂಬಿಡುವ ಸರಿಯಾದ ಕ್ರಮ ಇದು: ಗಾಜಿನ ಬಾಟಲಿ, ತಳದವರೆಗೆ ಇಳಿಬಿಟ್ಟ ಕೊಳವೆ, ಉಕ್ಕಿ ಹರಿಯುವಷ್ಟು ನೀರು, ಆಮೇಲೆ ನೀರು ಹಿಗ್ಗಲೆಂದು ಮೇಲೆ ಚೂರೇ ಚೂರು ಜಾಗ, ಜೀವಿಗಳು ಉಸಿರಾಡದಂತೆ ಮರ್ಕ್ಯುರಿಕ್ ಕ್ಲೋರೈಡ್‌ನ ಒಂದೆರಡು ಹನಿ (ವಿಷ, ಕೈಗವಸು ಹಾಕಿಕೊಳ್ಳಿ), ಬಿಗಿಯಾದ ಬಿರಡೆ. ಕೈಪಿಡಿಯಲ್ಲಿ ಇದೆಲ್ಲವೂ ಇತ್ತು. ಓದದೆ ಬಿಟ್ಟಿದ್ದು ನಾನೇ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೆ. ಜ್ವಾಲಾಮುಖಿಗಳೇ ಕಾರಣ ಎಂಬ ಪ್ರಬಂಧವನ್ನು ಬರೆಯಬೇಡಿ. ನೆಲದ ಮೇಲಿನವು, ನೀರೊಳಗಿನವು ಎಲ್ಲ ಸೇರಿದರೂ ಅವು ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ ನಾವು ಸುಟ್ಟು ಬಿಡುವುದರ ಶೇಕಡಾ 1ನ್ನೂ ಮುಟ್ಟುವುದಿಲ್ಲ. ಎಲ್ ಹಿಯೆರೊದಲ್ಲಿ ಕಂಡ ಕುಸಿತ ಭಯಾನಕವಾದರೂ ಆ ಸುತ್ತಲಿನ ಕಡಲಿನದಷ್ಟೇ. ಕೈಗಾರಿಕಾ ಕ್ರಾಂತಿಯಿಂದೀಚೆಗೆ ಸಮುದ್ರದ ಮೇಲ್ಮೈಯ ಸರಾಸರಿ ಪಿಎಚ್ 8.2ರಿಂದ 8.1ಕ್ಕೆ ಇಳಿದಿರುವುದು ಇಡೀ ಭೂಮಿಯದು.

ಕಬ್ಬಿಣವೂ ನೀವಂದುಕೊಂಡಷ್ಟು ಸಲೀಸಲ್ಲ. 2018ರಲ್ಲಿ ಹವಾಯಿಯ ಕಿಲಾವೆಯಾದ ಲಾವಾ ಕಡಲಿಗೆ ಸುರಿದಾಗ ಸಸ್ಯಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಜೀವಿಗಳು) ಹುಲುಸಾಗಿ ಬೆಳೆದವು. ಲಾವಾದ ಕಬ್ಬಿಣವೇ ಗೊಬ್ಬರ ಎಂದು ಯಾರಾದರೂ ಹೇಳಿಬಿಡಬಹುದು, ಆವತ್ತಾಗಿದ್ದರೆ ನಾನೇ ಮೊದಲು ಹೇಳುತ್ತಿದ್ದೆ. ಆದರೆ ಅವು ಬೆಳೆಯಲು ನೈಟ್ರೇಟ್ ಬೇಕು, ಲಾವಾದಲ್ಲಿ ಅದೆಲ್ಲಿದೆ? ಲಾವಾದಿಂದ ಬಿಸಿಯಾಗಿ ಮೇಲೇರಿದ ಆಳದ ನೀರು ಅದನ್ನು ಹೊತ್ತು ತಂದಿತ್ತು.

ಪಿಎಚ್ ಜೊತೆ ಕ್ಷಾರತೆಯನ್ನೂ ಅಳೆಯಿರಿ, ಅದೇ ನಿಮ್ಮ ಪ್ರಬಂಧವಾಗಲಿ. ಪ್ಲಾಸ್ಟಿಕ್ ಬಾಟಲಿಗಳನ್ನು ಈಗಲೇ ಗುಜರಿಗೆ ಹಾಕಿ. ನನ್ನವು ಹನ್ನೆರಡಿದ್ದವು, ಹಾಸ್ಟೆಲಿನ ಹುಡುಗರು ಸ್ನಾನಕ್ಕೆ ಬಿಸಿನೀರು ಹಿಡಿಯಲು ಒಯ್ದರು.