ಕ್ರಿಕೆಟ್ ತಂಡದ ಮಾಲೀಕರು ಎಂಥವರು ಅಂತ ಚಾಟ್‌ಬಾಟ್ ಹೇಳಿದ್ದನ್ನು ನಂಬಬಹುದೇ?

ಪೂರ್ತಿ ನಂಬಬೇಡಿ. ಚಾಟ್‌ಬಾಟ್ ಯಾರನ್ನೂ ವಿಚಾರಿಸಿ ಹೇಳುವುದಿಲ್ಲ. ಜನ ಯಾವುದರ ಬಗ್ಗೆ ಜಾಸ್ತಿ ಬರೆದಿದ್ದಾರೋ ಅದರ ಧಾಟಿಯಲ್ಲೇ ಉತ್ತರ ಹೆಣೆಯುತ್ತದೆ.

ಆರ್‌ಸಿಬಿಯನ್ನೇ ತಗೊಳ್ಳಿ. 2008ರಲ್ಲಿ ತಂಡ ಕೊಂಡಿದ್ದು ವಿಜಯ್ ಮಲ್ಯ ಅವರ ಯುಬಿ ಗ್ರೂಪ್. 2016ರಲ್ಲಿ ಅವರು ಹೊರಬಂದರು. 2025ರಲ್ಲಿ ತಂಡ ಮೊದಲ ಸಲ ಐಪಿಎಲ್ ಗೆದ್ದಾಗ ಮಾಲೀಕತ್ವ ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೊ ಹಿಡಿತದ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯದು. ಆದರೆ ಕಂಪನಿಯ ಬಗ್ಗೆ ಬರೆದವರು ಕಡಿಮೆ. ಮಲ್ಯ ಅವರ ಪಾರ್ಟಿ, ಸಾಲ, ಕೇಸುಗಳ ಬಗ್ಗೆ ಬರೆದಿದ್ದು ರಾಶಿ. ಉತ್ತರ ಆ ಕಡೆಗೇ ವಾಲುತ್ತದೆ ಅಲ್ವಾ?

ನಮ್ಮ ಕಲಬುರಗಿ ತಂಡದ ಕಷ್ಟ ಬೇರೆ. ಗುಲ್ಬರ್ಗಾ ಮಿಸ್ಟಿಕ್ಸ್ 2022ರಲ್ಲಿ ಕರ್ನಾಟಕದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದಿತು. ನಾಯಕ ಮನೀಶ್ ಪಾಂಡೆ ಬಗ್ಗೆ ಬೇಕಾದಷ್ಟು ಸುದ್ದಿ ಇದೆ, ಮಾಲೀಕರ ಬಗ್ಗೆ ತೀರಾ ಕಡಿಮೆ. ಅಂಥ ಕಡೆ ಚಾಟ್‌ಬಾಟ್ ಸುಮ್ನೆ ಇರದೆ ಇನ್ಯಾರದೋ ಗುಣ ತಂದು ಅಂಟಿಸಬಹುದು. ನನಗೆ ಇದೇ ಹೆಚ್ಚು ಚಿಂತೆ. ಸಣ್ಣ ತಂಡದ ವಿಷಯದಲ್ಲಿ ತಪ್ಪು ಹಿಡಿಯುವವರೂ ಕಡಿಮೆ.

ಕೇಳುವ ರೀತಿಯೂ ಮುಖ್ಯ. "ಇವರು ಯಾಕೆ ಇಷ್ಟು ಜಿಪುಣರು?" ಅಂದರೆ ಜಿಪುಣರೆಂದು ಒಪ್ಪಿಕೊಂಡೇ ಮಾತು ಶುರು ಮಾಡುವುದುಂಟು. "ಯಾವ ವರ್ಷ ಏನು ಮಾಡಿದರು, ಯಾವ ಪತ್ರಿಕೆ ಬರೆದಿದೆ?" ಅಂತ ಕೇಳಿ. ಕೊಟ್ಟ ಲಿಂಕ್ ತೆರೆದು ಓದಿ.