ಹೆಂಡತಿ ಬರೋ ಮುಂಚೆ ಎಲ್ಲ ಜೋಡಿಸಿಡಬೇಡಿ

ತಮ್ಮಾ, ನಿಮ್ಮ ಪ್ರಶ್ನೆ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೊನೆಗೂ ಬಾಡಿಗೆ ಮನೆ ಸಿಕ್ಕಿದೆ, ಒಂದನೇ ತಾರೀಕು ಕೀ ಕೊಡ್ತಾರೆ, ದಾವಣಗೆರೆಯಿಂದ ಹಡಗಲ್ಲಿ ಹಾಕಿದ ಸಾಮಾನೂ ಅದೇ ವಾರ ಬರುತ್ತೆ. ಹೆಂಡತಿ, ಮಗು ಬರೋದು ಇನ್ನೊಂದು ತಿಂಗಳು ತಡ. ಅಷ್ಟರಲ್ಲಿ ಬಾಕ್ಸ್ ಎಲ್ಲ ಬಿಚ್ಚಿ ಮನೆ ಸಿದ್ಧ ಮಾಡಿಡಬೇಕು, ಎಲ್ಲಿಂದ ಶುರು ಮಾಡಲಿ ಅಕ್ಕಾ ಅಂತ ಕೇಳಿದ್ದೀರಿ. ಮೊದಲು, ಮನೆ ಸಿಕ್ಕಿದ್ದಕ್ಕೆ ತುಂಬಾ ಸಂತೋಷ. ಈ ಊರಲ್ಲಿ ಅದೇ ದೊಡ್ಡ ಗಂಡಾಂತರ, ಅದು ಕಳೀತು.

ನನ್ನನ್ನು ಕೇಳಿದರೆ ಎಲ್ಲ ಬಿಚ್ಚಲೇಬೇಡಿ. ನೀವೊಬ್ಬರೇ ಮುಗಿಸಬೇಕಾದ ಕೆಲಸ ಒಂದಷ್ಟಿವೆ, ಅವನ್ನು ಅಚ್ಚುಕಟ್ಟಾಗಿ ಮುಗಿಸಿ. ಮಿಕ್ಕಿದ್ದು ಅವರು ಬಂದ ಮೇಲೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಕೀ ಕೈಗೆ ಬಂದ ದಿನವೇ ಆಗಬೇಕಾದ್ದು ಬಾಗಿಲ ಬೆಲ್ ಮೇಲೆ ಮತ್ತು ಟಪಾಲು ಡಬ್ಬಿ ಮೇಲೆ ಹೆಸರು. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರೋದಿಲ್ಲ. ಬೀದಿ ಹೆಸರು, ಕಟ್ಟಡದ ನಂಬರ್, ಅಷ್ಟೇ. ಹತ್ತು ಹನ್ನೆರಡು ಸಂಸಾರ ಇರೋ ಕಟ್ಟಡದಲ್ಲಿ ಪೋಸ್ಟ್‌ಮ್ಯಾನ್ ನಿಮ್ಮನ್ನು ಕಂಡುಹಿಡಿಯೋದು ಡಬ್ಬಿ ಮೇಲಿನ ಹೆಸರು ನೋಡಿ. ಹೆಸರಿಲ್ಲ ಅಂದ್ರೆ ಕಾಗದ ವಾಪಸ್ ಹೋಗುತ್ತೆ. ತೆರಿಗೆ ನಂಬರ್, ಬ್ಯಾಂಕ್ ಕಾರ್ಡ್, ಅದರ ಪಿನ್, ಆರೋಗ್ಯ ವಿಮೆಯ ಕಾರ್ಡ್, ಎಲ್ಲ ಟಪಾಲಲ್ಲೇ ಬರೋದು. ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ತೊಡಕು. ಪಾಸ್‌ಪೋರ್ಟ್‌ನಲ್ಲಿ ನಿಮ್ಮ ಸರ್‌ನೇಮ್ ಜಾಗದಲ್ಲಿ ನಿಮ್ಮ ತಂದೆ ಹೆಸರೋ ಊರ ಹೆಸರೋ ಇರುತ್ತೆ, ಹೆಂಡತಿಗೆ ಅವರ ತಂದೆ ಹೆಸರು, ಮಗುವಿಗೆ ನಿಮ್ಮ ಹೆಸರು. ಒಂದೇ ಮನೇಲಿ ಮೂರು ಸರ್‌ನೇಮ್. ಮೂರನ್ನೂ ಬರೆಸಿ. ಮಗುವಿಗೂ ಪ್ರತ್ಯೇಕ ತೆರಿಗೆ ನಂಬರ್ ಬರುತ್ತೆ, ಲಕೋಟೆ ಮೇಲೆ ಅದರ ಹೆಸರೇ ಇರುತ್ತೆ. ಓನರ್ ಕಡೆಯವರು ಒಳ್ಳೆ ಫಲಕ ಮಾಡಿಸೋಕೆ ವಾರಗಟ್ಟಲೆ ಹಿಡೀಬಹುದು. ಅಲ್ಲೀವರೆಗೆ ಕಾಗದದಲ್ಲಿ ಪ್ರಿಂಟ್ ತೆಗೆದು ಮೇಲೆ ಟೇಪ್ ಹಚ್ಚಿಬಿಡಿ.

ಎರಡನೇದು ವಿಳಾಸ ನೋಂದಣಿ. ಮನೆಗೆ ಹೋದ ಎರಡು ವಾರದೊಳಗೆ ಪಾಲಿಕೆ ಕಚೇರಿಯಲ್ಲಿ ಮಾಡಿಸಬೇಕು ಅಂತ ಕಾನೂನಿದೆ. ಅದಕ್ಕೆ ನೀವು ಆ ಮನೆಗೆ ಬಂದಿದ್ದೀರಿ ಅಂತ ಓನರ್ ಸಹಿ ಮಾಡಿದ ಒಂದು ಪತ್ರ ಬೇಕು, ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’ ಅಂತ ಕೇಳಿ, ಕೊಡ್ತಾರೆ. ಕೀ ತಗೊಳ್ಳುವಾಗಲೇ ಅದನ್ನೂ ಇಸ್ಕೊಂಡುಬಿಡಿ. ಮನೆಯವರು ಬಂದ ಮೇಲೆ ಅವರದೂ ಹೀಗೇ ಆಗಬೇಕು. ನೋಂದಣಿಯಾದ ಸ್ವಲ್ಪ ದಿನಕ್ಕೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತೆ, ತಿಂಗಳಿಗೆ 18.36 ಯೂರೋ. ಮೋಸದ ಪತ್ರ ಅಂತ ಬಿಸಾಡಬೇಡಿ. ಮನೇಲಿ ಟಿವಿ ಇರಲಿ ಬಿಡಲಿ ಕಟ್ಟಬೇಕು, ಮನೆಗೊಂದೇ ಶುಲ್ಕ.

ಸಾಮಾನು ಬರೋ ಮುಂಚೆ ಖಾಲಿ ಮನೆ ಒಮ್ಮೆ ಸಾವಕಾಶವಾಗಿ ನೋಡಿ. ಗೋಡೆಯ ಗೀರು, ನೆಲದ ಕಲೆ, ಕಿಟಕಿ ಮೂಲೆಯ ಕಪ್ಪು ಬೂಷ್ಟು, ಎಲ್ಲದರ ಫೋಟೋ ತೆಗೆದು, ಹಸ್ತಾಂತರ ಪತ್ರದಲ್ಲಿ ಬರೆಸಿ. ಕರೆಂಟ್, ನೀರಿನ ಮೀಟರ್ ರೀಡಿಂಗೂ ಅದರಲ್ಲಿರಲಿ. ಬಾಕ್ಸ್ ಒಳಗೆ ಬಂದ್ಮೇಲೆ ಗೋಡೆ ಕಾಣಲ್ಲ, ಮನೆ ಬಿಡುವಾಗ ಆ ಗೀರು ನಿಮ್ಮ ತಲೆಗೇ ಬರುತ್ತೆ. ಅಡ್ವಾನ್ಸ್ ಅಂತ ಕಾನೂನು ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆಗಿಂತ (ಹೀಟಿಂಗ್, ನೀರಿನ ಖರ್ಚು ಬಿಟ್ಟು) ಹೆಚ್ಚು ಕೇಳೋ ಹಾಗಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟೋ ಹಕ್ಕು ನಿಮಗಿದೆ. ಕೈ ಖಾಲಿಯಾಗೋ ಹೊತ್ತು ಇದು, ಸಂಕೋಚ ಮಾಡ್ಕೋಬೇಡಿ.

ಬೆಂಗಳೂರಲ್ಲಿ ಖಾಲಿ ಮನೆ ಅಂದ್ರೂ ಅಡುಗೆ ಕಟ್ಟೆ, ಸಿಂಕ್, ಟ್ಯೂಬ್‌ಲೈಟ್ ಇರುತ್ತೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದ್ರೆ ಗೋಡೆಯಿಂದ ಹೊರಗೆ ಚಾಚಿದ ನೀರಿನ ಕೊಳವೆ, ಒಲೆಗೊಂದು ಕರೆಂಟ್ ಪಾಯಿಂಟ್, ಮುಗೀತು. ಹಿಂದಿನವರು ಒಲೆ, ಸಿಂಕ್, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರ್ತಾರೆ. ಸೀಲಿಂಗಿಂದ ವೈರ್ ನೇತಾಡ್ತಿರುತ್ತೆ, ಬಲ್ಬ್ ಹೋಲ್ಡರೂ ಇರಲ್ಲ. ನಿಮ್ಮ ಮನೆ ಹೇಗಿದೆ ಅಂತ ಇವತ್ತೇ ವಿಚಾರಿಸಿ. ಈಗಿರೋ ಬಾಡಿಗೆದಾರರು ಅಡುಗೆಮನೆ ಸಾಮಾನನ್ನು ನಿಮಗೇ ಮಾರೋಕೆ ಒಪ್ಪಿದರೆ, ಸ್ವಲ್ಪ ಹಳೇದಾದ್ರೂ ತಗೊಳ್ಳಿ. ಹೊಸದು ಆರ್ಡರ್ ಕೊಟ್ಟರೆ ಬಂದು ಕೂರೋಕೆ ವಾರಗಳು ಹಿಡಿಯುತ್ತೆ, ತಿಂಗಳೂ ದಾಟಬಹುದು. ಅಲ್ಲೀವರೆಗೆ ಪ್ಲಗ್ಗಿಗೆ ಹಾಕೋ ಒಂದು ಇಂಡಕ್ಷನ್ ಒಲೆ, ಎರಡು ಟೇಬಲ್ ಲ್ಯಾಂಪ್ ಸಾಕು. ಅಂದಹಾಗೆ, ಊರಿಂದ ಬರ್ತಿರೋ ಅಲ್ಯೂಮಿನಿಯಂ ಕುಕ್ಕರ್, ತಳ ಗುಂಡಗಿರೋ ಬಾಣಲೆ ಇಂಡಕ್ಷನ್ ಮೇಲೆ ಕೆಲಸ ಮಾಡಲ್ಲ. ಪಾತ್ರೆ ತಳಕ್ಕೆ ಫ್ರಿಜ್ ಮೇಲಿನ ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತೆ. ಮಿಕ್ಸಿಗೆ ತೊಂದರೆ ಇಲ್ಲ, ಇಲ್ಲೂ ಅದೇ 230 ವೋಲ್ಟ್. ಅರ್ಥಿಂಗ್ ಇರೋ ಅಡಾಪ್ಟರ್ ತಗೊಳ್ಳಿ.

ಬಾಕ್ಸ್‌ಗಳನ್ನು ಎಲ್ಲಿಡೋದು ಅನ್ನೋದೂ ಮುಖ್ಯ. ಹೊರಗೋಡೆಗೆ ಒತ್ತಿ ಪೇರಿಸಬೇಡಿ, ಒಂದು ಗೇಣು ಜಾಗ ಬಿಡಿ. ಚಳಿಗಾಲದಲ್ಲಿ ಆ ಗೋಡೆ ತಣ್ಣಗಿರುತ್ತೆ, ನಾವು ಅನ್ನ ಸಾರು ಕುದಿಸಿದ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಅಲ್ಲಿ ಹೋಗಿ ಕೂತು ಬೂಷ್ಟು ಹಿಡಿಯುತ್ತೆ. ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದ್ಹತ್ತು ನಿಮಿಷ ಗಾಳಿಯಾಡಿಸಿ, ಆ ಹೊತ್ತಲ್ಲಿ ಹೀಟರ್ ಆರಿಸಿ. ಕೆಳಗೆ ನೆಲಮಾಳಿಗೆಯಲ್ಲಿ ನಿಮ್ಮದೊಂದು ಪುಟ್ಟ ಗೂಡು ಇದ್ದರೆ ಸೂಟ್‌ಕೇಸ್, ಸೈಕಲ್ ಇಡಿ. ರೇಷ್ಮೆ ಸೀರೆ, ಪುಸ್ತಕ, ಮದುವೆ ಆಲ್ಬಂ ಅಲ್ಲಿಗೆ ಬೇಡವೇ ಬೇಡ. ಗೋಡೆಗೆ ಡ್ರಿಲ್ ಹೊಡೆಯೋ ಕೆಲಸ ವಾರದ ದಿನ ಹಗಲಲ್ಲಿ ಮುಗಿಸಿ. ಭಾನುವಾರ ಆ ಸದ್ದು ಕೇಳಿದರೆ ಅಕ್ಕಪಕ್ಕದವರು ಸುಮ್ಮನಿರಲ್ಲ. ಅಂಗಡಿಗಳೂ ಭಾನುವಾರ ಮುಚ್ಚಿರುತ್ತೆ, ಬೇಕಾದ ಮೊಳೆ, ಬಲ್ಬು ಶನಿವಾರವೇ ತಂದಿಟ್ಟುಕೊಳ್ಳಿ.

ಈಗ ಕೇರ್‌ವೊಖೆ, ಅಂದ್ರೆ ಗುಡಿಸೋ ಪಾಳಿಯ ವಾರ. ಬೇರೆ ಊರಿನ ಜರ್ಮನ್ನರಿಗೇ ಇದು ಹೊಸದು, ಆದರೆ ನಮ್ಮ ಶ್ವಾಬಿಯಾದಲ್ಲಿ, ಅಂದ್ರೆ ಸ್ಟುಟ್‌ಗಾರ್ಟ್ ಇರೋ ಈ ಸೀಮೆಯಲ್ಲಿ, ಇದರ ಮೇಲೆ ನಿಮ್ಮ ಮಾನ ನಿಂತಿದೆ. ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸೋದು ವಾರಕ್ಕೊಂದು ಮನೆಯ ಪಾಳಿ. 1714ರಲ್ಲೇ ಇಲ್ಲಿನ ದೊರೆ ಎಬರ್‌ಹಾರ್ಡ್ ಲುಡ್‌ವಿಗ್ ಬೀದಿ ಶುಚಿಗೆ ಕಟ್ಟಳೆ ತಂದಿದ್ದ. ಇವತ್ತಿಗೂ ಎಷ್ಟೋ ಬಾಡಿಗೆ ಕರಾರಲ್ಲಿ ಪಾಳಿ ಬರೆದಿರುತ್ತೆ. ನಿಮ್ಮ ಬಾಗಿಲಿಗೆ ಒಂದು ಪುಟ್ಟ ಫಲಕ ನೇತುಬಿದ್ದರೆ ಆ ವಾರ ನಿಮ್ಮದು. ನಾವು ಬಂದ ಹೊಸತರಲ್ಲಿ ಕೆಳಗಿನ ಮನೆ ಅಜ್ಜಿ ನನಗೆ ನಿಂತು ತೋರಿಸಿಕೊಟ್ಟರು: ಮೇಲಿಂದ ಶುರು, ಕಾಲೊರೆಸು ಎತ್ತಿ ಅದರಡಿ ಗುಡಿಸಬೇಕು, ಮೆಟ್ಟಿಲ ಮೂಲೆಗೆ ಚಿಕ್ಕ ಬ್ರಷ್, ಆಮೇಲೆ ಹಿಂಡಿದ ಬಟ್ಟೆ, ಕೈಹಿಡಿ ಕಂಬಿ, ಕೊನೆಗೆ ಕಿಟಕಿ ಅಂಚು. ಮುಗಿದ ಮೇಲೆ ಫಲಕ ತಗೊಂಡು ಹೋಗಿ ಪಕ್ಕದ ಮನೆ ಬಾಗಿಲಿಗೆ ಹಾಕಿದರು. ಆ ಅರ್ಧ ಗಂಟೇಲಿ ಮೂರು ಮನೆಯವರು ಹೊರಗೆ ಬಂದು ಮಾತಾಡಿಸಿದ್ರು. ಹಾಗಾಗಿ ಇದನ್ನು ಕ್ಲೀನಿಂಗ್ ಕಂಪನಿಗೆ ವಹಿಸೋ ಯೋಚನೆ ಮಾಡಬೇಡಿ. ಇಲ್ಲಿ ಹೊಸಬರೇ ಹೋಗಿ ಬೆಲ್ ಮಾಡಿ ಪರಿಚಯ ಮಾಡ್ಕೋಬೇಕು, ಅವರಾಗಿ ಬರಲ್ಲ. ನೀವು ಈಗಲೇ ಒಮ್ಮೆ ಹೋಗಿ ಬನ್ನಿ, ಮನೆಯವರು ಬಂದ ಮೇಲೆ ಅವರನ್ನೂ ಮಗುವನ್ನೂ ಕರ್ಕೊಂಡು ಮತ್ತೆ ಹೋಗಿ.

ಮಿಕ್ಕ ಬಾಕ್ಸ್ ಯಾಕೆ ಬಿಡಿ ಅಂದೆ ಅಂದ್ರೆ, ನಿಮ್ಮ ಹೆಂಡತಿ ಅಲ್ಲಿ ಕೆಲಸ ಬಿಟ್ಟು ಬರ್ತಿದ್ದಾರೆ ಅಂತ ಬರೆದಿದ್ದೀರಿ. ಸೋಮವಾರ ನೀವು ಆಫೀಸಿಗೆ ಹೋಗ್ತೀರಿ. ಆಮೇಲೆ ಅವರು, ಮಗು, ಮುಚ್ಚಿದ ಬಾಗಿಲು. ಉಪ್ಪು ಎಲ್ಲಿದೆ, ಟವೆಲ್ ಎಲ್ಲಿದೆ ಅಂತ ಪ್ರತಿಯೊಂದಕ್ಕೂ ನಿಮಗೆ ಫೋನ್ ಮಾಡಿ ಕೇಳಬೇಕಾದ ಮನೆ ಅವರಿಗೆ ತಮ್ಮದು ಅನ್ನಿಸೋಕೆ ತುಂಬಾ ಕಾಲ ಬೇಕು. ನನ್ನ ಪರಿಚಯದ ಹೆಣ್ಣುಮಕ್ಕಳು ಎಷ್ಟೋ ಜನ ಇದನ್ನೇ ಹೇಳಿಕೊಂಡು ಕಣ್ಣೀರು ಹಾಕಿದ್ದಾರೆ, ಗಂಡ ಪ್ರೀತಿಯಿಂದಲೇ ಎಲ್ಲ ಜೋಡಿಸಿದ್ದ ಮನೆಗಳಲ್ಲಿ. ಇಲ್ಲಿ ಅಡುಗೆಮನೆ ಕಪಾಟುಗಳನ್ನು ಎತ್ತರಕ್ಕೆ ಹಾಕ್ತಾರೆ, ಅವರ ಕೈಗೆ ಯಾವ ಶೆಲ್ಫ್ ಎಟುಕುತ್ತೆ ಅಂತ ಅವರಿಗೇ ಗೊತ್ತು. ದೇವರ ಮೂಲೆ ಯಾವುದು, ಸಾರಿನಪುಡಿ ಡಬ್ಬ ಎಲ್ಲಿ, ಅವರೇ ನಿರ್ಧಾರ ಮಾಡಲಿ. ಹಾಲುಕ್ಕಿಸೋದನ್ನೂ ಅವರು ಬಂದ ದಿನಕ್ಕೇ ಇಡಿ. ತುಪ್ಪ ತರೋದು ಬೇಡ ಅಂತ ಈಗಲೇ ಹೇಳಿ, ಹಾಲಿನ ಪದಾರ್ಥ ಲಗೇಜಲ್ಲಿ ತರೋ ಹಾಗಿಲ್ಲ. ಇಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್ ಸಿಗುತ್ತೆ, ಕಾಯಿಸಿದರೆ ಒಳ್ಳೆ ತುಪ್ಪ ಆಗುತ್ತೆ.

ಹಾಗಾಗಿ ನೀವು ಹಾಸಿಗೆ ಹಾಕಿ, ಮಗುವಿನ ಆಟಿಕೆ ಬಾಕ್ಸ್ ಒಂದು ಬಿಚ್ಚಿ, ನಿಮ್ಮ ಆಫೀಸ್ ಬಟ್ಟೆ ತೆಗೆದಿಟ್ಟುಕೊಳ್ಳಿ. ಅಡುಗೆ ಸಾಮಾನಿನ ಬಾಕ್ಸ್‌ಗಳಲ್ಲಿ ಒಂದು ಪಾತ್ರೆ, ಒಂದು ತಟ್ಟೆ ಸಾಕು. ಬಾಕಿಯವು ಟೇಪ್ ಕೀಳದೆ ಅಲ್ಲೇ ಇರಲಿ. ಅವರು ಬರೋ ವಾರ ಪೂರ್ತಿ ರಜೆ ಬೇಕಾಗುತ್ತೆ, ನಾಳೆಯೇ ಆಫೀಸಲ್ಲಿ ಹೇಳಿಡಿ.