ಪೆಡಲ್ ಕೆಳಗೆ ಹೋಯ್ತು ಅಂದ್ರೆ ಮೊದ್ಲು ಡ್ರಮ್ ಬಿಚ್ಚಿ

ಪ್ರಶ್ನೆ: ಸಾರ್, ನಾನು ಹಾಸನದವನು, ಈಗ ಟೆಕ್ಸಾಸ್‌ನಲ್ಲಿದ್ದೀನಿ. ಇಲ್ಲಿ ಅಮೆರಿಕನ್ ಆರ್ಮಿಯ ಹಳೇ ಎಂ35ಎ2 ಲಾರಿ ತಗೊಂಡೆ, ಎರಡೂವರೆ ಟನ್ನಿಂದು, ಆರು ಚಕ್ರಕ್ಕೂ ಡ್ರೈವ್ ಇದೆ, ಮನೇಲಿ ಇನ್ನೂ ಬೈಗುಳ ನಿಂತಿಲ್ಲ. ಬ್ರೇಕ್ ಒತ್ತಿದ್ರೆ ಪೆಡಲ್ ಕೆಳಗೇ ಹೋಗುತ್ತೆ, ಎರಡು ಸಲ ಪಂಪ್ ಮಾಡಿದ್ರೆ ಮೇಲೆ ಬರುತ್ತೆ. ಬ್ಲೀಡ್ ಮಾಡ್ದೆ, ಅಂದ್ರೆ ಬ್ರೇಕ್ ಪೈಪೊಳಗಿನ ಗಾಳಿ ತೆಗೆದೆ, ಎರಡೇ ದಿನಕ್ಕೆ ಮತ್ತೆ ಅದೇ ಕಥೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಬದಲು ಎರಡು ಲೈನಿನ ಡ್ಯುಯಲ್ ಮಾಸ್ಟರ್ ಸಿಲಿಂಡರ್ ಹಾಕಿಬಿಟ್ರೆ ಸರಿ ಹೋಗುತ್ತಾ?

ಉತ್ತರ: ಹೋಗಲ್ಲ. ಡ್ಯುಯಲ್ ಹಾಕೋದು ಒಳ್ಳೇ ಕೆಲ್ಸಾನೇ, ಆದ್ರೆ ನಿಮ್ಮ ಕಾಯಿಲೆಗೆ ಅದು ಔಷಧಿ ಅಲ್ಲ. ಪಂಪ್ ಮಾಡಿ ಮೇಲೆ ಬಂದ ಪೆಡಲ್ ಮೇಲೆ ಕಾಲಿಟ್ಟು ನೋಡಿ, ಕಲ್ಲಿನ ಥರ ಗಟ್ಟಿ ಇದ್ರೆ ಡ್ರಮ್ ಒಳಗೆ ಉಜ್ಜಿ ಚಕ್ರ ನಿಲ್ಲಿಸೋ ಶೂ ಅಡ್ಜಸ್ಟ್ ಸಡಿಲ ಆಗಿದೆ ಅಂತ, ರಬ್ಬರ್ ಥರ ಕುಣಿದ್ರೆ ಒಳಗೆ ಏರ್ ಇದೆ ಅಂತ. ಏರ್ ತೆಗೆದ ಎರಡೇ ದಿನಕ್ಕೆ ವಾಪಸ್ ಬಂತು ಅಂದ್ರೆ ಎಲ್ಲೋ ಸೋರ್ತಿದೆ, ಚಕ್ರದ ಹಿಂದಿನ ತಗಡಿನ ಕೆಳಗೆ ಬೆರಳು ಒರೆಸಿ ನೋಡಿ, ಒದ್ದೆ ಇದ್ರೆ ಡ್ರಮ್ ಒಳಗೆ ಶೂ ತಳ್ಳೋ ಆ ವೀಲ್ ಸಿಲಿಂಡರ್ ಮುಗಿದಿದೆ. ಈ ಲಾರೀಲಿ ಡ್ರಮ್ ಸುಮ್ನೆ ಎಳೆದ್ರೆ ಬರಲ್ಲ, ಹಿಂದುಗಡೆ ಆಕ್ಸಲ್ ಶಾಫ್ಟ್ ಎಳೆದು, ಬೇರಿಂಗ್ ನಟ್ ಬಿಚ್ಚಿ, ಹಬ್ ಸಮೇತ ಇಳಿಸ್ಬೇಕು, ಅದಕ್ಕೇ ಹಳೇ ಓನರ್‌ಗಳು ಆರೂ ಚಕ್ರ ಬಿಚ್ಚೋಕೆ ಸೋಮಾರಿತನ ಮಾಡಿರ್ತಾರೆ. ನೀವು ಮಾಡ್ಬೇಡಿ. ಹೋಸ್‌ಗಳನ್ನೂ ಯೋಚನೆ ಮಾಡದೆ ಬದಲಾಯಿಸಿಬಿಡಿ.

ಬ್ರೇಕ್ ಆಯಿಲ್ ವಿಷಯ ಹೇಳ್ಲೇಬೇಕು. 1980ರ ದಶಕದಲ್ಲಿ ಅಮೆರಿಕನ್ ಆರ್ಮಿ ಡಾಟ್ 5 ಅನ್ನೋ ದರ್ಜೆಯ ಸಿಲಿಕೋನ್ ಬ್ರೇಕ್ ಆಯಿಲ್‌ಗೆ ಬದಲಾಯ್ತು, ವರ್ಷಗಟ್ಟಲೆ ಶೆಡ್‌ನಲ್ಲಿ ನಿಲ್ಲೋ ಗಾಡಿಗಳು ಅಲ್ವಾ, ಇದು ಗಾಳಿಯ ತೇವ ಹೀರಲ್ಲ. ಹೊಸದಿದ್ದಾಗ ನೇರಳೆ ಬಣ್ಣ, ಹಳೇದಾದ್ರೆ ಬಣ್ಣ ನಂಬೋಕಾಗಲ್ಲ. ಗಾಜಿನ ಲೋಟದಲ್ಲಿ ನೀರಿಟ್ಟು ನಾಲ್ಕು ಹನಿ ಹಾಕಿ, ಕರಗಿಹೋದ್ರೆ ಡಾಟ್ 3 ಅಥವಾ 4, ಎಣ್ಣೆ ಥರ ಬೇರೆ ನಿಂತ್ರೆ ಸಿಲಿಕೋನ್. ಎರಡನ್ನೂ ಬೆರೆಸ್ಬೇಡಿ. ಸಿಲಿಕೋನ್ ಡಬ್ಬ ಅಲ್ಲಾಡಿಸ್ಲೂಬೇಡಿ, ಪೆಡಲ್ ದಡದಡ ಪಂಪ್ ಮಾಡ್ಲೂಬೇಡಿ, ಸಣ್ಣ ಸಣ್ಣ ಗುಳ್ಳೆ ಹಿಡ್ಕೊಂಡು ಗಂಟೆಗಟ್ಟಲೆ ಬಿಡಲ್ಲ. ನೀವು ಬ್ಲೀಡ್ ಮಾಡಿದ್ದು ಕೆಟ್ಟಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ಸುತ್ತೆ ನಂಗೆ.

ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಿನ ಕೆಳಗೆ ಫ್ರೇಮ್‌ಗಿದೆ, ಅಲ್ಲಿಂದ ಆಯಿಲ್ ಏರ್‌ಪ್ಯಾಕ್‌ಗೆ ಹೋಗಿ, ಅಲ್ಲಿ ಕಂಪ್ರೆಸರ್ ಗಾಳಿ ಅದನ್ನ ಜೋರಾಗಿ ತಳ್ಳಿ ಆರೂ ಚಕ್ರಕ್ಕೆ ಕಳಿಸುತ್ತೆ. ಅದಕ್ಕೇ ಬ್ಲೀಡ್ ಮಾಡೋವಾಗ ಮೊದ್ಲು ಏರ್‌ಪ್ಯಾಕ್‌ನ ಗಾಳಿ ಬಿಡೋ ನಿಪ್ಪಲ್, ಆಮೇಲೆ ಹಿಂದಿನ ಆಕ್ಸಲ್ ಬಲಗಡೆಯಿಂದ ಶುರು ಮಾಡಿ ಹತ್ತಿರ ಹತ್ತಿರ ಬನ್ನಿ. ಒಬ್ರು ನಿಧಾನ ಒತ್ತಿ ಹಿಡ್ಕೊಳ್ಳಿ, ಇನ್ನೊಬ್ರು ನಿಪ್ಪಲ್ ಬಿಚ್ಚಿ, ಬಿಗಿ ಮಾಡಿದ್ಮೇಲೇ ಕಾಲು ತೆಗೀಬೇಕು. ಮಾಸ್ಟರ್‌ನಲ್ಲಿ ಆಯಿಲ್ ಖಾಲಿಯಾಗೋಕೆ ಬಿಟ್ರೆ ಮತ್ತೆ ಮೊದಲಿಂದ.

ಇಷ್ಟೆಲ್ಲ ಆದ್ಮೇಲೆ ಡ್ಯುಯಲ್ ಯೋಚಿಸಿ. ಈಗಿರೋದು ಒಂದೇ ಸರ್ಕ್ಯೂಟ್, ಒಂದು ಹೋಸ್ ಒಡೆದ್ರೆ ಆರೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತೆ. ನಮ್ಮ ತೋಟದ ಹಳೇ ಡಿಸ್ಪೋಸಲ್ ಜೀಪಲ್ಲಿ ಇಳಿಜಾರಲ್ಲಿ ಹಾಗಾಗಿ ನಾನು ಕಾಫಿ ಗಿಡಕ್ಕೆ ನುಗ್ಗಿಸಿ ನಿಲ್ಲಿಸಿದ್ದೆ, ಅಪ್ಪ ಗಾಡಿ ಬಿಟ್ಟು ಗಿಡ ಎಣಿಸಿದ್ರು. ಆದ್ರೆ ಮಾಸ್ಟರ್ ಒಂದನ್ನೇ ಬದಲಾಯಿಸಿ ಎರಡೂ ಲೈನ್ ಹಳೇ ಏರ್‌ಪ್ಯಾಕ್‌ಗೇ ಸೇರಿಸಿದ್ರೆ ಕಾಸು ದಂಡ, ಆಚೆಗೆ ಹೋಗೋದು ಮತ್ತೆ ಒಂದೇ ಪೈಪು. ಮುಂದಿನದಕ್ಕೊಂದು, ಹಿಂದಿನ ನಾಲ್ಕಕ್ಕೊಂದು, ಎರಡು ಏರ್‌ಪ್ಯಾಕ್ ಬೇಕು. ಅಲ್ಲೀವರೆಗೂ ಹ್ಯಾಂಡ್‌ಬ್ರೇಕ್ ಸರಿ ಇಟ್ಕೊಳ್ಳಿ, ಅದು ಶಕ್ತೀನ ಮುಂದಕ್ಕೂ ಹಿಂದಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸ್ ಹತ್ರ ಪ್ರೊಪೆಲ್ಲರ್ ಶಾಫ್ಟ್ ಹಿಡಿಯೋದು, ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಸಕಲೇಶಪುರದಿಂದ. ನಮ್ಮ ಜೀಪಿಗೂ ಡಾಟ್ 5 ಹಾಕಬಹುದಾ?

ಉತ್ತರ: ದಿನಾ ಓಡೋ ಗಾಡಿಗೆ ಯಾಕ್ರೀ, ಡಾಟ್ 3 ಅಥವಾ 4 ಹಾಕಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಸಾಕು. ಅಂಗಡೀಲಿ 5.1 ಕೊಟ್ರೆ ಅದೇ ಇದು ಅಂದ್ಕೋಬೇಡಿ, ಅದು ಸಿಲಿಕೋನ್ ಅಲ್ಲ, ಡಾಟ್ 4ರ ದಾಯಾದಿ.